ಮೊಳೆಗೆ ನೇತುಹಾಕಿದ ಮೆಟ್ರೊ ಕಾರ್ಡು: ಪ್ರಯಾಣದ ಕಾರ್ಡನ್ನು ಮನೆಮಂದಿ ಹಂಚಿಕೊಳ್ಳುವ ಕ್ರಮ, ಹಂಚಿಕೊಳ್ಳಬಾರದ ಪಾಸುಗಳು

ಹಾಸನದ ನಮ್ಮ ಮನೆಯ ಮುಂಬಾಗಿಲಿನ ಪಕ್ಕದಲ್ಲಿ ಒಂದು ಮೊಳೆ ಇದೆ. ಅದರಲ್ಲಿ ಸ್ಕೂಟರಿನ ಕೀಲಿಕೈಯೊಂದಿಗೆ ಬೆಂಗಳೂರಿನ ನಮ್ಮ ಮೆಟ್ರೊದ ಕಾರ್ಡೊಂದು ಪ್ಲಾಸ್ಟಿಕ್ ಕವರಿನಲ್ಲಿ ನೇತಾಡುತ್ತಿರುತ್ತದೆ. ಮನೆಯಲ್ಲಿ ಐದು ಜನರಿದ್ದೇವೆ. ಯಾರೂ ತಿಂಗಳಿಗೆ ಒಂದೆರಡು ಸಲಕ್ಕಿಂತ ಹೆಚ್ಚು ಬೆಂಗಳೂರಿಗೆ ಹೋಗುವುದಿಲ್ಲ. ಹೋಗುವವರು ಕಾರ್ಡನ್ನು ಮೊಳೆಯಿಂದ ತೆಗೆದುಕೊಂಡು ಹೋಗುತ್ತಾರೆ, ಬಂದವರು ಮತ್ತೆ ಅಲ್ಲಿಯೇ ಹಾಕುತ್ತಾರೆ.

ಹಾಸನದ ಮನೆಗೆ ಮೆಟ್ರೊ ಕಾರ್ಡು ಏಕೆ ಎಂದು ಕೇಳುವವರಿಗೆ ಈ ದಾರಿಯಲ್ಲಿ ಓಡಾಡಿದವರೇ ಉತ್ತರ ಹೇಳಿಯಾರು. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ದಾಟಿ ಬರುವ ಬಸ್ಸು ಊರೊಳಗೆ ಕಾಲಿಡುವುದೇ ಮಾದಾವರ, ನಾಗಸಂದ್ರದ ಕಡೆಯಿಂದ. ಅಲ್ಲಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ, ಕುಣಿಗಲ್‌ನಿಂದ ನೆಲಮಂಗಲಕ್ಕೆ ಬರಲು ಹಿಡಿದಷ್ಟೇ ಹೊತ್ತು ಮತ್ತೆ ಹಿಡಿದರೂ ಆಶ್ಚರ್ಯವಿಲ್ಲ. ಆದ್ದರಿಂದ ನಾಗಸಂದ್ರದಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿಯುವುದು ನಮ್ಮ ಕಡೆಯವರಿಗೆ ರೂಢಿಯಾಗಿದೆ. 2024ರ ನವೆಂಬರ್ 7ರಿಂದ ಮೆಟ್ರೊ ಮಾದಾವರದವರೆಗೂ ಬಂದಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾದ ಮೇಲೆ, ಆರ್.ವಿ. ರಸ್ತೆ ನಿಲ್ದಾಣದಲ್ಲಿ ರೈಲು ಬದಲಿಸಿ ಜಯದೇವ ಆಸ್ಪತ್ರೆಯವರೆಗೂ ಮೆಟ್ರೊದಲ್ಲಿಯೇ ಹೋಗಬಹುದು. ಹೃದಯದ ತಪಾಸಣೆಗೆ ಹಾಸನ, ಚಿಕ್ಕಮಗಳೂರಿನಿಂದ ಹೋಗುವವರಿಗೆ ಇದು ದೊಡ್ಡ ಅನುಕೂಲ.

ಕಾರ್ಡು ಹೀಗೆ ಕೈಯಿಂದ ಕೈಗೆ ಹೋಗುವುದನ್ನು ನೋಡಿದ ಚಿಕ್ಕಮ್ಮನ ಮಗ ಒಂದು ದಿನ, 'ಹಾಗಾದರೆ ನನ್ನ ಸ್ಟೂಡೆಂಟ್ ಪಾಸನ್ನೂ ತಮ್ಮನಿಗೆ ಕೊಡಬಹುದಲ್ಲ ಅಣ್ಣ' ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಎರಡೂ ಪ್ರಯಾಣದ ಕಾರ್ಡುಗಳೇ, ಎರಡೂ ಒಂದೇ ಜೇಬಿನಲ್ಲಿರುತ್ತವೆ, ಎರಡಕ್ಕೂ ಮೊದಲೇ ಹಣ ಕಟ್ಟಿರುತ್ತೇವೆ. ಆದರೂ ಒಂದನ್ನು ಧಾರಾಳವಾಗಿ ಕೊಡಬಹುದು, ಇನ್ನೊಂದನ್ನು ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ತೊಂದರೆ. ಈ ವ್ಯತ್ಯಾಸವನ್ನು ಅರಿತು, ಕೊಡಬಹುದಾದ ಕಾರ್ಡನ್ನು ಸರಿಯಾದ ಕ್ರಮದಲ್ಲಿ ಕೊಡುವುದು ಹೇಗೆಂಬುದನ್ನು ಮುಂದೆ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಕಾರ್ಡಿನಲ್ಲಿರುವುದು ಹಣವೋ ಹೆಸರೋ ನೋಡಿ

ಕಾರ್ಡನ್ನು ಕೈಗೆ ತೆಗೆದುಕೊಂಡು ಎರಡೂ ಮಗ್ಗುಲು ನೋಡಿ. ಅದರ ಮೇಲೆ ನಿಮ್ಮ ಹೆಸರು, ಭಾವಚಿತ್ರ, ಶಾಲೆಯ ಹೆಸರು, ಇಂತಲ್ಲಿಂದ ಇಂತಲ್ಲಿಗೆ ಎಂಬ ಮಾರ್ಗ ಅಥವಾ ಗುರುತಿನ ಚೀಟಿಯ ಸಂಖ್ಯೆ ಇದ್ದರೆ ಅದು ಹೆಸರಿನ ಕಾರ್ಡು. ಸರ್ಕಾರವೋ ಸಾರಿಗೆ ಸಂಸ್ಥೆಯೋ ಆ ರಿಯಾಯಿತಿಯನ್ನು ಆ ಒಬ್ಬ ವ್ಯಕ್ತಿಗೆ ಕೊಟ್ಟಿದೆಯೇ ಹೊರತು ಕಾರ್ಡಿಗೆ ಕೊಟ್ಟಿಲ್ಲ. ವಿದ್ಯಾರ್ಥಿ ಪಾಸು, ಅಂಗವಿಕಲರ ಪಾಸು, ಬಿಎಂಟಿಸಿಯ ತಿಂಗಳ ಪಾಸು, ರೈಲಿನ ಮಾಸಿಕ ಸೀಸನ್ ಟಿಕೆಟ್ ಎಲ್ಲವೂ ಈ ಗುಂಪಿಗೆ ಸೇರಿದವು.

ಕಾರ್ಡಿನ ಮೇಲೆ ಯಾರ ಹೆಸರೂ ಇಲ್ಲದೆ ಕೇವಲ ಒಂದು ಸಂಖ್ಯೆ ಇದ್ದು, ಒಳಗೆ ನೀವು ತುಂಬಿದ ರೂಪಾಯಿ ಇದ್ದರೆ ಅದು ಹಣದ ಕಾರ್ಡು. ಮೆಟ್ರೊ ನಿಲ್ದಾಣದ ಕೌಂಟರಿನಲ್ಲಿ 50 ರೂಪಾಯಿ ಕೊಟ್ಟು ಕೊಳ್ಳುವ ಸ್ಮಾರ್ಟ್ ಕಾರ್ಡು ಈ ಬಗೆಯದು. ಅದು ಒಂದು ಚಿಕ್ಕ ಪರ್ಸಿದ್ದಂತೆ: ಯಾರ ಕೈಯಲ್ಲಿದ್ದರೂ ಒಳಗಿನ ಹಣ ಹಣವೇ.

ಈ ಎರಡರ ನಡುವೆ ಮೂರನೆಯದೊಂದಿದೆ. ಅದು ಬ್ಯಾಂಕುಗಳು ಕೊಡುವ ಎನ್‌ಸಿಎಂಸಿ (ನ್ಯಾಷನಲ್ ಕಾಮನ್ ಮೊಬಿಲಿಟಿ) ಕಾರ್ಡು. ಅದರಲ್ಲಿ ಹಣವೂ ಇದೆ, ಹಲವು ಸಲ ಹೆಸರೂ ಇದೆ. ಅದರ ವಿಚಾರ ಕೊಂಚ ಸೂಕ್ಷ್ಮವಾದದ್ದರಿಂದ ಮುಂದೆ ಪ್ರತ್ಯೇಕವಾಗಿಯೇ ಹೇಳುತ್ತೇನೆ.

ಎರಡನೆಯ ಹೆಜ್ಜೆ: ಮೆಟ್ರೊ ಗೇಟಿನ ಲೆಕ್ಕಾಚಾರ ತಿಳಿದುಕೊಳ್ಳಿ

ಬಸ್ಸಿನಲ್ಲಿ ಕಂಡಕ್ಟರರು ಹತ್ತಿದ ಕೂಡಲೇ ಹಣ ತೆಗೆದುಕೊಂಡು ಟಿಕೆಟ್ ಕೊಡುತ್ತಾರೆ. ಮೆಟ್ರೊದಲ್ಲಿ ಹಾಗಲ್ಲ. ಒಳಗೆ ಹೋಗುವಾಗ ಕಾರ್ಡನ್ನು ಗೇಟಿಗೆ ತಾಗಿಸಿದರೆ ಹಣ ಕಡಿತವಾಗುವುದಿಲ್ಲ. ಯಾವ ನಿಲ್ದಾಣದಲ್ಲಿ, ಎಷ್ಟು ಗಂಟೆಗೆ ಒಳಗೆ ಬಂದಿತು ಎಂಬುದಷ್ಟೇ ಕಾರ್ಡಿನಲ್ಲಿ ದಾಖಲಾಗುತ್ತದೆ. ಇಳಿಯುವ ನಿಲ್ದಾಣದಲ್ಲಿ ಮತ್ತೆ ತಾಗಿಸಿದಾಗ ಗೇಟು ಆ ದಾಖಲೆಯನ್ನು ಓದಿ, ದೂರಕ್ಕೆ ತಕ್ಕ ದರವನ್ನು ಕಡಿತ ಮಾಡಿ, ಪ್ರಯಾಣ ಮುಗಿಯಿತೆಂದು ಬರೆದು ಬಾಗಿಲು ತೆರೆಯುತ್ತದೆ. ಅಂದರೆ ಕಾರ್ಡಿಗೆ ಇರುವುದು ಎರಡೇ ಸ್ಥಿತಿ: ಒಳಗೆ, ಇಲ್ಲವೇ ಹೊರಗೆ. ಒಳಗಿರುವ ಕಾರ್ಡು ಮತ್ತೊಮ್ಮೆ ಒಳಗೆ ಹೋಗಲಾರದು.

ಇದನ್ನು ನಾನು ಕಲಿತದ್ದು ನಾಗಸಂದ್ರದ ಗೇಟಿನ ಮುಂದೆ, ನಾಲ್ಕು ಜನರೆದುರು ಮುಜುಗರಪಟ್ಟು. ನಾನೂ ಅತ್ತಿಗೆಯೂ ಒಟ್ಟಿಗೆ ಹೋಗಿದ್ದೆವು. ಕಾರ್ಡಿನಲ್ಲಿ ಮುನ್ನೂರು ರೂಪಾಯಿಗೂ ಹೆಚ್ಚಿತ್ತು, ಇಬ್ಬರಿಗೂ ಧಾರಾಳವಾಗಿ ಸಾಕು ಎಂಬುದು ನನ್ನ ಲೆಕ್ಕ. ನಾನು ತಾಗಿಸಿ ಒಳಗೆ ಹೋದೆ. ಗೇಟಿನ ಮೇಲಿನಿಂದಲೇ ಕಾರ್ಡನ್ನು ಅತ್ತಿಗೆಯ ಕೈಗೆ ಕೊಟ್ಟೆ. ಅವರು ತಾಗಿಸಿದರು. ಗೇಟಿನ ಮೇಲೆ ಕೆಂಪು ದೀಪ ಬಂತು, ಬಾಗಿಲು ಅಲುಗಾಡಲಿಲ್ಲ. ಕಾರ್ಡು ಸರಿಯಾಗಿ ತಾಗಿರಲಿಕ್ಕಿಲ್ಲವೆಂದು ಸೀರೆಯ ಸೆರಗಿನಿಂದ ಒರೆಸಿ ಮತ್ತೆ ತಾಗಿಸಿದರು. ಹಿಂದೆ ಸಾಲು ಬೆಳೆಯಿತು. ಪಕ್ಕದಲ್ಲಿದ್ದ ಸಿಬ್ಬಂದಿಯ ಹುಡುಗಿ ಬಂದು, 'ಅಮ್ಮ, ಈ ಕಾರ್ಡು ಆಗಲೇ ಒಳಗೆ ಹೋಗಿಬಿಟ್ಟಿದೆ, ನೀವು ಟೋಕನ್ ತಗೊಳ್ಳಿ' ಎಂದಳು. ಹಣವಿದ್ದೂ ಕಾರ್ಡು ಏಕೆ ನಡೆಯಲಿಲ್ಲವೆಂದು ಅತ್ತಿಗೆ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದರು. ಹಣ ಇಬ್ಬರದ್ದಾಗಬಹುದು, ಆದರೆ ಪ್ರವೇಶದ ದಾಖಲೆ ಒಂದೇ. ಅದು ಒಬ್ಬರಿಗೇ ಸಲ್ಲುತ್ತದೆ.

ಇದರ ತಿರುಗುಮುರುಗೂ ನಡೆಯುವುದಿಲ್ಲ. ಒಬ್ಬರು ಟೋಕನಿನಲ್ಲಿ, ಇನ್ನೊಬ್ಬರು ಕಾರ್ಡಿನಲ್ಲಿ ಒಳಗೆ ಹೋಗಿ, ಇಳಿಯುವಲ್ಲಿ ಟೋಕನ್ ಕಳೆದುಹೋಯಿತೆಂದು ಇಬ್ಬರೂ ಅದೇ ಕಾರ್ಡಿನಲ್ಲಿ ಹೊರಗೆ ಬರಲಾಗದು. ಹೊರಗೆ ಬಂದ ಕಾರ್ಡಿನಲ್ಲಿ ಎರಡನೆಯವರಿಗೆ ಓದಿಸಲು ಪ್ರವೇಶದ ದಾಖಲೆಯೇ ಉಳಿದಿರುವುದಿಲ್ಲ.

ಮೂರನೆಯ ಹೆಜ್ಜೆ: ಕೈ ಬದಲಾಯಿಸುವ ಮುನ್ನ ಮೂರು ವಿಷಯ ಖಚಿತಪಡಿಸಿಕೊಳ್ಳಿ

ಒಬ್ಬರಾದ ಮೇಲೆ ಒಬ್ಬರು ಎಂಬ ನಿಯಮವನ್ನು ಒಪ್ಪಿಕೊಂಡರೆ ಮೆಟ್ರೊ ಕಾರ್ಡನ್ನು ಮನೆಮಂದಿಯೆಲ್ಲ ಬಳಸುವುದಕ್ಕೆ ಅಡ್ಡಿಯಿಲ್ಲ. ಆದರೆ ಹಿಂದಿನವರು ಕಾರ್ಡನ್ನು ಯಾವ ಸ್ಥಿತಿಯಲ್ಲಿ ಬಿಟ್ಟಿದ್ದಾರೆ ಎಂಬುದು ಮುಂದಿನವರಿಗೆ ಗೊತ್ತಿರಬೇಕು.

ಒಂದನೆಯದು, ಹಿಂದಿನ ಪ್ರಯಾಣ ಸರಿಯಾಗಿ ಮುಗಿದಿದೆಯೇ ಎಂಬುದು. ಜನಸಂದಣಿಯಲ್ಲಿ ಮುಂದಿನವರ ಬೆನ್ನಿಗಂಟಿ ಹೊರಗೆ ಬಂದಿದ್ದರೆ, ಇಲ್ಲವೇ ಲಗೇಜು ದೊಡ್ಡದೆಂದು ಸಿಬ್ಬಂದಿ ಪಕ್ಕದ ಗೇಟು ತೆರೆದು ಕಳಿಸಿದಾಗ ಕಾರ್ಡು ತಾಗಿಸುವುದನ್ನು ಮರೆತಿದ್ದರೆ, ಮನುಷ್ಯ ಹಾಸನಕ್ಕೆ ಬಂದರೂ ಕಾರ್ಡು ಮಾತ್ರ ಲೆಕ್ಕದಲ್ಲಿ ಇನ್ನೂ ಮೆಟ್ರೊದ ಒಳಗೇ ಇರುತ್ತದೆ. ಮುಂದಿನ ವಾರ ಅದನ್ನು ಹಿಡಿದು ಹೋದವರಿಗೆ ಗೇಟು ತೆರೆಯುವುದಿಲ್ಲ. ಹೊರಗೆ ಬರುವಾಗ ಗೇಟಿನ ಪುಟ್ಟ ಪರದೆಯಲ್ಲಿ ಉಳಿದ ಹಣ ಕಾಣಿಸಿಕೊಳ್ಳುತ್ತದೆ. ಅದನ್ನು ಕಣ್ಣಾರೆ ನೋಡಿಯೇ ಹೆಜ್ಜೆ ಮುಂದಿಡುವ ಅಭ್ಯಾಸವನ್ನು ಮನೆಯವರೆಲ್ಲರೂ ಮಾಡಿಕೊಂಡರೆ ಈ ಸಮಸ್ಯೆ ಹುಟ್ಟುವುದೇ ಇಲ್ಲ. ಒಂದು ವೇಳೆ ಹುಟ್ಟಿದರೆ ಗೇಟಿನ ಪಕ್ಕದ ಗ್ರಾಹಕ ಸೇವಾ ಕೌಂಟರಿಗೆ ಕಾರ್ಡನ್ನು ಕೊಟ್ಟು, ಹಿಂದಿನ ಪ್ರಯಾಣ ಮುಗಿದಿಲ್ಲವೆಂದು ಹೇಳಿ ಸರಿಪಡಿಸಿಕೊಳ್ಳಬೇಕು. ಹಿಂದೆ ಎಲ್ಲಿಂದ ಎಲ್ಲಿಗೆ ಹೋಗಿದ್ದು ಎಂದು ಅಲ್ಲಿ ಕೇಳುತ್ತಾರೆ. ಕಾರ್ಡು ಬಳಸಿದವರು ಬೇರೆಯವರಾಗಿದ್ದರೆ ಕೌಂಟರಿನ ಮುಂದೆ ನಿಂತು ಫೋನು ಮಾಡಬೇಕಾಗುತ್ತದೆ.

ಎರಡನೆಯದು, ಉಳಿದ ಹಣ. 2025ರ ಫೆಬ್ರುವರಿಯ ದರ ಪರಿಷ್ಕರಣೆಯಲ್ಲಿ ಮೆಟ್ರೊದ ಕನಿಷ್ಠ ದರ 10 ರೂಪಾಯಿ, ಗರಿಷ್ಠ ದರ 90 ರೂಪಾಯಿ ಆಯಿತು. ಅದರೊಂದಿಗೆ, ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇದ್ದರೆ ಮಾತ್ರ ಪ್ರವೇಶ ಎಂಬ ನಿಯಮವೂ ಬಂತು. ಎಷ್ಟೇ ಹತ್ತಿರ ಇಳಿಯುವುದಾದರೂ ಇದು ಅನ್ವಯಿಸುತ್ತದೆ, ಏಕೆಂದರೆ ಒಳಗೆ ಬಿಡುವಾಗ ನೀವು ಎಲ್ಲಿ ಇಳಿಯುತ್ತೀರಿ ಎಂಬುದು ಗೇಟಿಗೆ ಗೊತ್ತಿಲ್ಲ. 'ಎಪ್ಪತ್ತು ರೂಪಾಯಿ ಇದೆ, ಯಶವಂತಪುರಕ್ಕೆ ಸಾಕು' ಎಂದು ಹೇಳಿ ಕಳಿಸಿದರೆ, ಬಸ್ಸಿಳಿದು ಅವಸರದಲ್ಲಿ ಬಂದವರು ಮೊದಲು ರೀಚಾರ್ಜ್ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಮೂರನೆಯದು, ಕಾರ್ಡಿನ ಸಂಖ್ಯೆ. ಇದನ್ನು ಮನೆಯಲ್ಲಿ ಬರೆದಿಟ್ಟುಕೊಳ್ಳಿ ಅಥವಾ ಫೋಟೊ ತೆಗೆದಿಟ್ಟುಕೊಳ್ಳಿ. ಸಂಖ್ಯೆ ಗೊತ್ತಿದ್ದರೆ ಕಾರ್ಡು ಕೈಯಲ್ಲಿಲ್ಲದಿದ್ದರೂ ಆನ್‌ಲೈನ್‌ನಲ್ಲಿ ಹಣ ತುಂಬಬಹುದು. ಅಮ್ಮ ಬಸ್ಸಿನಲ್ಲಿ ಕುಣಿಗಲ್ ದಾಟುತ್ತಿರುವಾಗಲೇ ಬೆಂಗಳೂರಿನಲ್ಲಿರುವ ಮಗ ತನ್ನ ಫೋನಿನಿಂದ ಆ ಕಾರ್ಡಿಗೆ 200 ರೂಪಾಯಿ ಹಾಕಬಹುದು. ಆದರೆ ಹಾಗೆ ಹಾಕಿದ ಹಣ ತಕ್ಷಣ ಕಾರ್ಡಿನ ಒಳಗೆ ಹೋಗಿ ಕೂರುವುದಿಲ್ಲ. ನಿಲ್ದಾಣದ ಯಂತ್ರಕ್ಕೆ ಕಾರ್ಡು ತಾಗಿದಾಗಲೇ ಅದು ಜಮೆಯಾಗುತ್ತದೆ. ಹೀಗಾಗಿ ಕೊನೆಯ ಗಳಿಗೆಗೆ ಬಿಡದೆ ಸಾಕಷ್ಟು ಮುಂಚೆಯೇ ಹಾಕುವುದು ಒಳ್ಳೆಯದು.

ಈ ಹಂಚಿಕೆಯಿಂದ ಲಾಭವೆಷ್ಟು ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಕಾರ್ಡಿನಲ್ಲಿ ಪ್ರಯಾಣಿಸಿದರೆ ದರದಲ್ಲಿ ಶೇ 5ರಷ್ಟು ರಿಯಾಯಿತಿ ಸಿಗುತ್ತದೆ. ದಟ್ಟಣೆಯಿಲ್ಲದ ಹೊತ್ತಿನಲ್ಲೂ ಭಾನುವಾರಗಳಲ್ಲೂ ಇನ್ನೂ ಹೆಚ್ಚು. 60 ರೂಪಾಯಿಯ ಪ್ರಯಾಣಕ್ಕೆ 3 ರೂಪಾಯಿ ಉಳಿಯಿತೆಂದರೆ, ಕಾರ್ಡಿಗೆ ಕೊಟ್ಟ 50 ರೂಪಾಯಿ ಹಿಂದಿರುಗಲು ಹದಿನೇಳು ಪ್ರಯಾಣ ಬೇಕು. ಎರಡು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿಬರುವ ಒಬ್ಬರಿಗೆ ಇದಕ್ಕೆ ಒಂದು ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆ. ಐದು ಜನರ ಮನೆಯಲ್ಲಿ ಅಷ್ಟು ಪ್ರಯಾಣ ಮೂರು ತಿಂಗಳೊಳಗೆ ಮುಗಿದಿರುತ್ತದೆ. ಟೋಕನಿನ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆಂಬುದು ನನ್ನ ದೃಷ್ಟಿಯಲ್ಲಿ ರಿಯಾಯಿತಿಗಿಂತ ದೊಡ್ಡ ಲಾಭ.

ನಾಲ್ಕನೆಯ ಹೆಜ್ಜೆ: ಒಟ್ಟಿಗೆ ಹೊರಟಾಗ ಬೇರೆ ದಾರಿ ಹಿಡಿಯಿರಿ

ಇಬ್ಬರು ಅಥವಾ ಹೆಚ್ಚು ಜನ ಒಟ್ಟಿಗೆ ಹೋಗುವ ದಿನ ಕಾರ್ಡು ಒಬ್ಬರಿಗೆ ಮಾತ್ರ. ಉಳಿದವರಿಗೆ ಟೋಕನ್ ಕೊಳ್ಳಬೇಕು, ಇಲ್ಲವೇ ಎಲ್ಲರಿಗೂ ಸೇರಿಸಿ ಫೋನಿನಲ್ಲಿ ಕ್ಯೂಆರ್ ಟಿಕೆಟ್ ತೆಗೆದುಕೊಳ್ಳಬೇಕು. ವಾಟ್ಸ್ಆ್ಯಪ್ ಮತ್ತು ನಮ್ಮ ಮೆಟ್ರೊ ಆ್ಯಪ್ ಮೂಲಕ ಕ್ಯೂಆರ್ ಟಿಕೆಟ್ 2022ರ ನವೆಂಬರ್‌ನಲ್ಲಿ ಬಂತು. ಮೊದಲು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕೊಡುತ್ತಿದ್ದರು. 2023ರ ನವೆಂಬರ್‌ನಿಂದ ಆರು ಜನರವರೆಗೆ ಗುಂಪು ಟಿಕೆಟ್ ಸಿಗುತ್ತಿದೆ. ಗುಂಪಿಗೆ ಬರುವುದು ಒಂದೇ ಕ್ಯೂಆರ್. ಎಷ್ಟು ಜನರೋ ಅಷ್ಟು ಸಲ ಅದನ್ನು ಗೇಟಿಗೆ ತೋರಿಸಿ ಒಬ್ಬೊಬ್ಬರಾಗಿ ಒಳಗೆ ಹೋಗಬೇಕು, ಹೊರಗೆ ಬರುವಾಗಲೂ ಹಾಗೆಯೇ. ಫೋನು ಯಾರದ್ದೋ ಅವರು ಎಲ್ಲರನ್ನೂ ಮುಂದೆ ಕಳಿಸಿ ಕೊನೆಯಲ್ಲಿ ಹೋಗುವುದು ಉತ್ತಮ. ಮದುವೆಗೆ ಹೊರಟ ಗುಂಪಿನಲ್ಲಿ ಫೋನಿರುವ ಹುಡುಗ ಮೊದಲು ದಾಟಿ ಎಸ್ಕಲೇಟರ್ ಹತ್ತಿಬಿಟ್ಟರೆ ಹಿಂದಿರುವ ಹಿರಿಯರು ಗೇಟಿನ ಆಚೆಯೇ ನಿಲ್ಲಬೇಕಾಗುತ್ತದೆ. ಗುಂಪಿನಲ್ಲಿ ಯಾರಾದರೂ ಬೇರೆ ನಿಲ್ದಾಣದಲ್ಲಿ ಇಳಿಯುವವರಿದ್ದರೆ ಅವರಿಗೆ ಪ್ರತ್ಯೇಕ ಟಿಕೆಟ್ ತೆಗೆದುಕೊಳ್ಳಿ.

ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮೆಟ್ರೊದಲ್ಲಿ ಟಿಕೆಟ್ ಬೇಡ, ದೊಡ್ಡವರ ಜೊತೆಯಲ್ಲಿ ಹೋಗಬಹುದು. ಅದಕ್ಕಿಂತ ಎತ್ತರದ ಮಗುವನ್ನು ಎತ್ತಿಕೊಂಡು ದಾಟಿಸುವವರನ್ನು ನೋಡಿದ್ದೇನೆ. ಗೇಟಿನ ರೆಕ್ಕೆಗಳು ಮುಚ್ಚಿಕೊಳ್ಳುವ ರಭಸ ನೋಡಿದವರು ಮತ್ತೆ ಆ ಸಾಹಸಕ್ಕೆ ಹೋಗಲಾರರು.

ಐದನೆಯ ಹೆಜ್ಜೆ: ಬ್ಯಾಂಕಿನ ಕಾರ್ಡಾದರೆ ಎರಡು ಸಲ ಯೋಚಿಸಿ

ದೇಶದಾದ್ಯಂತ ಮೆಟ್ರೊ, ಬಸ್ಸುಗಳಿಗೆ ಒಂದೇ ಕಾರ್ಡು ಎಂಬ ಉದ್ದೇಶದಿಂದ ಎನ್‌ಸಿಎಂಸಿ ಕಾರ್ಡನ್ನು 2019ರ ಮಾರ್ಚ್‌ನಲ್ಲಿ ಜಾರಿಗೆ ತಂದರು. ರುಪೇ ಗುರುತಿನ ಈ ಕಾರ್ಡು ನಮ್ಮ ಮೆಟ್ರೊದಲ್ಲೂ ನಡೆಯುತ್ತದೆ. ಇದರಲ್ಲಿ ಎರಡು ಬಗೆಗಳಿವೆ. ಮೊದಲೇ ಹಣ ತುಂಬಿ ಬಳಸುವ ಪ್ರೀಪೇಯ್ಡ್ ಕಾರ್ಡು ಒಂದು. ನಿಮ್ಮ ಉಳಿತಾಯ ಖಾತೆಯ ಡೆಬಿಟ್ ಕಾರ್ಡಿನಲ್ಲಿಯೇ ಪ್ರಯಾಣದ ಸೌಲಭ್ಯವೂ ಸೇರಿರುವುದು ಇನ್ನೊಂದು.

ಎರಡರಲ್ಲೂ ಪ್ರಯಾಣದ ಹಣ ಕಾರ್ಡಿನ ಚಿಪ್ಪಿನಲ್ಲಿಯೇ ಪ್ರತ್ಯೇಕವಾಗಿ ಕುಳಿತಿರುತ್ತದೆ. ಗೇಟಿಗೆ ತಾಗಿಸಿದಾಗ ಬ್ಯಾಂಕನ್ನು ಕೇಳದೆ, ಪಿನ್ ಕೇಳದೆ ಆ ಹಣ ಕಡಿತವಾಗುತ್ತದೆ. ಗೇಟಿನಲ್ಲಿ ಅರೆಕ್ಷಣದಲ್ಲಿ ಕೆಲಸ ಮುಗಿಯಬೇಕಾದ್ದರಿಂದ ಈ ವ್ಯವಸ್ಥೆ. ಆದರೆ ಅದೇ ಕಾರಣದಿಂದ ಕಾರ್ಡು ಕಳೆದರೆ ಆ ಭಾಗದ ಹಣ ಜೇಬಿನಿಂದ ಬಿದ್ದ ನೋಟಿನಂತೆ, ಸಿಕ್ಕವರ ಪಾಲು. ಗುರುತಿನ ದಾಖಲೆ ಪಡೆಯದೆ ಕೇವಲ ಪ್ರಯಾಣಕ್ಕಾಗಿ ಕೊಡುವ ಪ್ರೀಪೇಯ್ಡ್ ಕಾರ್ಡಿಗೆ ರಿಸರ್ವ್ ಬ್ಯಾಂಕು 3,000 ರೂಪಾಯಿಯ ಮಿತಿ ಹಾಕಿದೆ. ಅದರಿಂದ ನಗದು ತೆಗೆಯುವುದಕ್ಕೂ ಬೇರೆಯವರಿಗೆ ಹಣ ವರ್ಗಾಯಿಸುವುದಕ್ಕೂ ಅವಕಾಶವಿಲ್ಲ. ಇಂತಹ ಕಾರ್ಡನ್ನು ಮನೆಯೊಳಗೆ ಹಂಚಿಕೊಂಡರೆ ಅಪಾಯ ಅದರಲ್ಲಿರುವ ಹಣದಷ್ಟೇ.

ಡೆಬಿಟ್ ಕಾರ್ಡಿನ ಬಗೆ ಹಾಗಲ್ಲ. ಅದನ್ನು ಕೊಟ್ಟರೆ ಪ್ರಯಾಣದ ಕಾರ್ಡಿನ ಜೊತೆಗೆ ನಿಮ್ಮ ಬ್ಯಾಂಕು ಖಾತೆಯ ಬಾಗಿಲನ್ನೂ ಕೊಟ್ಟಂತೆ. ಕಾರ್ಡಿನ ಮೇಲೆ ಅಡ್ಡಲಾಗಿ ಬಾಗಿದ ನಾಲ್ಕು ಗೆರೆಗಳ ಗುರುತಿದ್ದರೆ ಅಂಗಡಿಯ ಯಂತ್ರಕ್ಕೆ ತಾಗಿಸಿ 5,000 ರೂಪಾಯಿಯವರೆಗೆ ಪಿನ್ ಇಲ್ಲದೆಯೇ ಹಣ ಪಾವತಿಸಬಹುದು. ಈ ಮಿತಿ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಮನೆಯವರ ಮೇಲೆ ಅಪನಂಬಿಕೆ ಎಂದು ಹೇಳುತ್ತಿಲ್ಲ. ಅವರ ಕೈಯಿಂದ ಮೆಜೆಸ್ಟಿಕ್ಕಿನ ಜಂಗುಳಿಯಲ್ಲಿ ಬಿದ್ದುಹೋದರೆ ಏನು ಗತಿ ಎಂಬುದು ಪ್ರಶ್ನೆ. ನನ್ನ ಸಲಹೆ ಇಷ್ಟೇ: ಡೆಬಿಟ್ ಕಾರ್ಡನ್ನು ಹಂಚಿಕೊಳ್ಳಬೇಡಿ. ಸ್ವಂತಕ್ಕೆ ಮಾತ್ರ ಬಳಸುವುದಾದರೂ ಬ್ಯಾಂಕಿನ ಆ್ಯಪ್‌ಗೆ ಹೋಗಿ ತಾಗಿಸಿ ಪಾವತಿಸುವ ಸೌಲಭ್ಯವನ್ನು ನಿಲ್ಲಿಸಿ ಅಥವಾ ಮಿತಿಯನ್ನು ತಗ್ಗಿಸಿ. ಹಂಚಿಕೊಳ್ಳುವುದಕ್ಕೆ ಹೆಸರಿಲ್ಲದ 50 ರೂಪಾಯಿಯ ಮೆಟ್ರೊ ಕಾರ್ಡೇ ಸಾಕು.

ಆರನೆಯ ಹೆಜ್ಜೆ: ಹೆಸರಿನ ಪಾಸುಗಳನ್ನು ಹೆಸರಿನವರಲ್ಲೇ ಬಿಡಿ

ಈಗ ಚಿಕ್ಕಮ್ಮನ ಮಗನ ಪ್ರಶ್ನೆಗೆ ಬರೋಣ. ಹೊಳೆನರಸೀಪುರ, ಆಲೂರು, ದುದ್ದ, ಶಾಂತಿಗ್ರಾಮದ ಕಡೆಯಿಂದ ಬೆಳಿಗ್ಗೆ ಹಾಸನಕ್ಕೆ ಬರುವ ಕೆಂಪು ಬಸ್ಸುಗಳಲ್ಲಿ ಅರ್ಧಕ್ಕರ್ಧ ವಿದ್ಯಾರ್ಥಿಗಳೇ ಇರುತ್ತಾರೆ. ಕೆಎಸ್‌ಆರ್‌ಟಿಸಿಯ ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕುತ್ತಾರೆ. ಪಾಸಿನ ಮೇಲೆ ಹೆಸರು, ಭಾವಚಿತ್ರ, ಓದುವ ಸಂಸ್ಥೆ, ಹತ್ತುವ ಮತ್ತು ಇಳಿಯುವ ಊರು ಎಲ್ಲವೂ ಇರುತ್ತದೆ. ಅಣ್ಣನಿಗೆ ಜ್ವರ ಬಂದ ದಿನ ತಮ್ಮ ಅದನ್ನು ಹಿಡಿದು ಬಸ್ಸು ಹತ್ತಿದರೆ ಮುಖ ಹೋಲುವುದರಿಂದ ಕಂಡಕ್ಟರರು ಗಮನಿಸದೆ ಬಿಡಬಹುದು. ಆದರೆ ನಡುದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆ ತಮ್ಮನದು ಟಿಕೆಟಿಲ್ಲದ ಪ್ರಯಾಣವಾಗುತ್ತದೆ. ಮೋಟಾರು ವಾಹನ ಕಾಯ್ದೆಯ 178ನೆಯ ಕಲಮಿನ ಪ್ರಕಾರ ಅದಕ್ಕೆ 500 ರೂಪಾಯಿಯವರೆಗೆ ದಂಡವಿದೆ. ದಂಡವನ್ನು ಹೇಗೋ ಕಟ್ಟಿಬಿಡಬಹುದು, ಆದರೆ ಪಾಸನ್ನು ವಶಕ್ಕೆ ತೆಗೆದುಕೊಂಡರೆ ಅಣ್ಣ ಜ್ವರ ಬಿಟ್ಟು ಎದ್ದ ದಿನದಿಂದ ಪ್ರತಿನಿತ್ಯ ಪೂರ್ತಿ ಟಿಕೆಟ್ ಕೊಳ್ಳಬೇಕು. ಒಂದು ದಿನದ ಟಿಕೆಟ್ಟಿನ ಹಣ ಉಳಿಸಲು ಹೋಗಿ ವರ್ಷದ ಪಾಸನ್ನು ಒಡ್ಡುವ ಈ ಜೂಜಿನಲ್ಲಿ ಯಾವ ಲೆಕ್ಕವೂ ಕೂಡುವುದಿಲ್ಲ. ಪರಿಶೀಲಿಸದೆ ಬಿಟ್ಟದ್ದಕ್ಕೆ ಕಂಡಕ್ಟರರೂ ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆ. ಆ ದಿನ ತಮ್ಮನಿಗೆ ಟಿಕೆಟ್ ಕೊಂಡುಬಿಡಿ. ಆರು ವರ್ಷ ತುಂಬಿ ಹನ್ನೆರಡು ತುಂಬದವನಾದರೆ ಅರ್ಧ ಟಿಕೆಟ್ ಸಾಕು.

ಶಕ್ತಿ ಯೋಜನೆಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಪ್ರತ್ಯೇಕ ಪಾಸು ಇಲ್ಲದೆ ಗುರುತಿನ ಚೀಟಿಯೇ ಪಾಸಿನ ಕೆಲಸ ಮಾಡುತ್ತದೆ. 2023ರ ಜೂನ್ 11ರಿಂದ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ರಾಜಹಂಸ, ಐರಾವತ, ಸ್ಲೀಪರ್ ಮುಂತಾದವುಗಳಲ್ಲಿ ಈ ಸೌಲಭ್ಯವಿಲ್ಲ. ಗುರುತಿನ ಚೀಟಿ ತೋರಿಸಿದವರಿಗೆ ಕಂಡಕ್ಟರರು ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಈ ಟಿಕೆಟ್ಟುಗಳ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ಭರಿಸುವುದರಿಂದ ಶೂನ್ಯ ಟಿಕೆಟ್ಟೂ ನಿಜವಾದ ಟಿಕೆಟ್ಟೇ. ಅದನ್ನು ಇಳಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು, ಒಬ್ಬರು ಇಳಿಯುವಾಗ ಹತ್ತುವ ಇನ್ನೊಬ್ಬರ ಕೈಗೆ ಕೊಡಬಾರದು.

ಇಲ್ಲಿ ಹಂಚಿಕೊಳ್ಳುವ ಆಸೆ ಹುಟ್ಟುವುದು ಎರಡು ಸಂದರ್ಭಗಳಲ್ಲಿ. ಆಧಾರ್ ಕಾರ್ಡು ಮನೆಯಲ್ಲಿ ಮರೆತವರು ಜೊತೆಯವರದ್ದನ್ನು ಎರಡು ಸಲ ತೋರಿಸಲು ನೋಡುವುದು ಒಂದು. ಅದರ ಬದಲು ಫೋನಿನಲ್ಲಿ ಡಿಜಿಲಾಕರ್ ಆ್ಯಪ್ ಹಾಕಿ ನಿಮ್ಮ ಆಧಾರನ್ನು ಅದರಲ್ಲಿ ಇಟ್ಟುಕೊಂಡಿರಿ, ಮರೆವಿಗೆ ಅದೇ ಮದ್ದು. ಇನ್ನೊಂದು, ಹೊರ ರಾಜ್ಯದಿಂದ ಬಂದ ಸೊಸೆಯದು. ಆಧಾರಿನಲ್ಲಿ ಇನ್ನೂ ತವರಿನ ವಿಳಾಸವೇ ಇದ್ದರೆ ಶೂನ್ಯ ಟಿಕೆಟ್ ಸಿಗದು, ಅದಕ್ಕೆ ಅತ್ತೆಯ ಆಧಾರ್ ತೋರಿಸುವುದೂ ಸಲ್ಲದು. ಆಧಾರಿನಲ್ಲಿ ವಿಳಾಸ ಬದಲಾಯಿಸಿಕೊಳ್ಳುವುದೇ ದಾರಿ. ಅರವತ್ತು ತುಂಬಿದವರಿಗೆ ಕೆಎಸ್‌ಆರ್‌ಟಿಸಿಯಲ್ಲಿರುವ ಶೇ 25ರ ರಿಯಾಯಿತಿಯೂ ಹೀಗೆಯೇ ವಯಸ್ಸಿನವರಿಗೇ ಸೇರಿದ್ದು; ಅಜ್ಜನ ಚೀಟಿ ತೋರಿಸಿ ಮೊಮ್ಮಗ ಪಡೆಯಲಾಗದು.

ಬೆಂಗಳೂರಿನಲ್ಲಿ ಓದುವ, ಕೆಲಸ ಮಾಡುವ ಮಕ್ಕಳಿರುವ ಮನೆಯವರಿಗೆ ಬಿಎಂಟಿಸಿ ಪಾಸಿನ ಪ್ರಸ್ತಾಪ ಬರುತ್ತದೆ. 2025ರ ಜನವರಿಯ ಪರಿಷ್ಕರಣೆಯ ನಂತರ ಸಾಮಾನ್ಯ ಬಸ್ಸಿನ ದಿನದ ಪಾಸಿಗೆ 80, ವಾರದ ಪಾಸಿಗೆ 350, ತಿಂಗಳ ಪಾಸಿಗೆ 1,200 ರೂಪಾಯಿ. ಮಗನ ತಿಂಗಳ ಪಾಸು ಭಾನುವಾರ ಸುಮ್ಮನೆ ಬಿದ್ದಿರುತ್ತದೆ, ಊರಿನಿಂದ ಬಂದ ಅಪ್ಪ ಅದರಲ್ಲಿ ಓಡಾಡಲಿ ಎಂದು ಮನಸ್ಸು ಹೇಳುತ್ತದೆ. ಪಾಸು ಗುರುತಿನ ಚೀಟಿಗೆ ಬೆಸೆದುಕೊಂಡಿರುವುದರಿಂದ ಅದು ಆಗದು. ದಿನದಲ್ಲಿ ನಾಲ್ಕೈದು ಬಸ್ಸು ಹತ್ತಿ ಇಳಿಯುವುದಿದ್ದರೆ ಅಪ್ಪನಿಗೆ 80 ರೂಪಾಯಿಯ ದಿನದ ಪಾಸು ಅಗ್ಗವಾಗುತ್ತದೆ, ಎರಡೇ ಬಸ್ಸಾದರೆ ಬಿಡಿ ಟಿಕೆಟ್ ಸಾಕು.

ರೈಲಿನಲ್ಲಿ ಕಾನೂನು ಇನ್ನೂ ಬಿಗಿಯಾಗಿದೆ. ಹಾಸನ ಮತ್ತು ಅರಸೀಕೆರೆಯ ನಡುವೆ, ಕಡೂರು ಮತ್ತು ಚಿಕ್ಕಮಗಳೂರಿನ ನಡುವೆ ನಿತ್ಯ ಓಡಾಡುವವರು ಮಾಸಿಕ ಸೀಸನ್ ಟಿಕೆಟ್ ಮಾಡಿಸಿಕೊಳ್ಳುವುದುಂಟು. ಅದನ್ನು ಇನ್ನೊಬ್ಬರಿಗೆ ಮಾರುವುದು ಅಥವಾ ಕೊಡುವುದು 1989ರ ರೈಲ್ವೆ ಕಾಯ್ದೆಯ 142ನೆಯ ಕಲಮಿನಡಿ ಅಪರಾಧ. ಮೂರು ತಿಂಗಳವರೆಗೆ ಸೆರೆ, 500 ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು, ಟಿಕೆಟ್ಟೂ ಮುಟ್ಟುಗೋಲಾಗುತ್ತದೆ. ತೆಗೆದುಕೊಂಡವರನ್ನು ಟಿಕೆಟ್ ಇಲ್ಲದವರೆಂದೇ ಎಣಿಸುತ್ತಾರೆ. ಆದರೆ ಕಾಯ್ದಿರಿಸಿದ ಟಿಕೆಟ್ಟನ್ನು ಬಿಟ್ಟುಕೊಡಲು ನ್ಯಾಯವಾದ ದಾರಿಯೊಂದಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಖಚಿತವಾದ ಟಿಕೆಟ್ಟಿದ್ದು ಹೋಗಲಾಗದಿದ್ದರೆ, ರೈಲು ಹೊರಡುವ 24 ಗಂಟೆಗಳ ಮುಂಚೆ ಟಿಕೆಟ್ ಕಾಯ್ದಿರಿಸುವ ಕಚೇರಿಗೆ ಲಿಖಿತವಾಗಿ ಕೇಳಿಕೊಂಡು, ಸಂಬಂಧದ ದಾಖಲೆ ತೋರಿಸಿ, ಅದನ್ನು ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, ಮಗ, ಮಗಳು, ಗಂಡ ಅಥವಾ ಹೆಂಡತಿಯ ಹೆಸರಿಗೆ ಬದಲಾಯಿಸಿಕೊಳ್ಳಬಹುದು. ಒಂದು ಟಿಕೆಟ್ಟಿಗೆ ಇದು ಒಂದೇ ಸಲ. ಬಾವ, ಅತ್ತಿಗೆ, ಚಿಕ್ಕಪ್ಪ, ಸೋದರಮಾವ ಯಾರೂ ಆ ಪಟ್ಟಿಯಲ್ಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಟಿಕೆಟ್ ಬೇಕಾಗುವುದು ಹೆಚ್ಚಾಗಿ ಅವರಿಗೇ, ಏನು ಮಾಡುವುದು!

ಫೋನಿನಲ್ಲಿ ರೈಲ್ವೆಯ ಆ್ಯಪ್‌ನಿಂದ ಕಾಗದವಿಲ್ಲದೆ ತೆಗೆದ ಸಾಮಾನ್ಯ ದರ್ಜೆಯ ಟಿಕೆಟ್ಟನ್ನು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವವರೂ ಇದ್ದಾರೆ. ಆ ಟಿಕೆಟ್ ತೆಗೆದ ಫೋನಿನ ಆ್ಯಪ್‌ನಲ್ಲಿಯೇ ತೋರಿಸಿದರೆ ಮಾತ್ರ ಮಾನ್ಯ.

ಏಳನೆಯ ಹೆಜ್ಜೆ: ಮನೆಯೊಳಗಿನ ಲೆಕ್ಕ

ಮೆಟ್ರೊ ಕಾರ್ಡನ್ನು ಒಟ್ಟು ಕುಟುಂಬದಲ್ಲಿ ಹಂಚಿಕೊಂಡಾಗ ಹಣ ಯಾರು ತುಂಬಬೇಕೆಂಬ ಮಾತು ಬರದೇ ಇರದು. ನಮ್ಮಲ್ಲಿ ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆಯ ಒಂದು ಚೀಟಿ ಇದೆ. ಹೋಗಿಬಂದವರು ಕೊನೆಯ ಗೇಟಿನಲ್ಲಿ ಕಂಡ ಉಳಿಕೆಯನ್ನು ತಾರೀಕಿನೊಂದಿಗೆ ಅದರ ಮೇಲೆ ಬರೆಯುತ್ತಾರೆ. ಉಳಿಕೆ 150ಕ್ಕಿಂತ ಕೆಳಗೆ ಬಂದಾಗ ಕಾರ್ಡು ಯಾರ ಕೈಯಲ್ಲಿದೆಯೋ ಅವರೇ 200 ತುಂಬಿಸಬೇಕು. ಇದರಲ್ಲಿ ಹತ್ತಿಪ್ಪತ್ತು ರೂಪಾಯಿಯ ಏರುಪೇರು ಇದ್ದೇ ಇರುತ್ತದೆ, ಅದನ್ನು ಲೆಕ್ಕ ಹಾಕಲು ಕುಳಿತರೆ ಕಾರ್ಡು ಹಂಚಿಕೊಳ್ಳುವುದಕ್ಕಿಂತ ಬೇರೆ ಬೇರೆ ಕೊಳ್ಳುವುದೇ ಮೇಲು.

ಆ ಚೀಟಿಯಿಂದ ಇನ್ನೊಂದು ಉಪಯೋಗವೂ ಇದೆ. ಹೋದ ಸಲ ಗೇಟು ತೆರೆಯದಿದ್ದಾಗ ಕೌಂಟರಿನವರು ಹಿಂದಿನ ಪ್ರಯಾಣ ಯಾವುದೆಂದು ಕೇಳಿದರು. ಚೀಟಿಯಲ್ಲಿ ಅತ್ತಿಗೆಯ ಅಕ್ಷರದಲ್ಲಿ ತಾರೀಕು ಇತ್ತು, ಉಳಿಕೆಯ ಜಾಗ ಖಾಲಿ ಇತ್ತು. ಹೊರಗೆ ಬರುವಾಗ ಅವರು ಕಾರ್ಡು ತಾಗಿಸಿರಲಿಲ್ಲವೆಂಬುದು ಅಲ್ಲಿಯೇ ತಿಳಿಯಿತು, ಫೋನು ಮಾಡುವ ಅಗತ್ಯ ಬೀಳಲಿಲ್ಲ.

ಕಾರ್ಡು ಕಳೆದುಹೋದರೆ ಹುಡುಕಾಟ ಬಸ್ಸಿನಿಂದ ಆರಂಭವಾಗಲಿ. ಹಿಂದಿರುಗುವಾಗ ಅದರ ಕೆಲಸ ಮೆಟ್ರೊದಲ್ಲೇ ಮುಗಿದಿರುವುದರಿಂದ ಜನ ಅದನ್ನು ಅಂಗಿಯ ಮೇಲಿನ ಜೇಬಿಗೆ ಹಾಕಿಕೊಂಡು ಮರೆಯುತ್ತಾರೆ, ಚನ್ನರಾಯಪಟ್ಟಣದಲ್ಲಿ ಚಹಾಕ್ಕೆ ಬಗ್ಗಿ ಇಳಿಯುವಾಗ ಅದು ಸೀಟಿನ ಸಂದಿಗೆ ಜಾರಿರುತ್ತದೆ. ಟಿಕೆಟ್ಟಿನಲ್ಲಿ ಬಸ್ಸಿನ ವಿವರ ಇರುವುದರಿಂದ ಹಾಸನದ ಬಸ್ ನಿಲ್ದಾಣದ ಸಂಚಾರ ನಿಯಂತ್ರಕರ ಕೊಠಡಿಯಲ್ಲಿ ಅದನ್ನು ತೋರಿಸಿ ವಿಚಾರಿಸಬಹುದು. ಹೆಸರಿಲ್ಲದ ಕಾರ್ಡಾದ್ದರಿಂದ ನಮ್ಮದೇ ಎಂದು ತೋರಿಸಲು ಬೇರೆ ಆಧಾರವಿಲ್ಲ. ಮನೆಯಲ್ಲಿ ಬರೆದಿಟ್ಟ ಆ ಸಂಖ್ಯೆಯೊಂದೇ ಸಾಕ್ಷಿ.